ಸೋರೆಬುರುಡೆಯ ಸದ್ದು

ಮಾವನಿಗೆ ಒಂದು ಮಾತು ತಿಳಿಸಬೇಕಾದರೆ ಇಡೀ ಬೀದಿಗೆ ತಿಳಿಸಬೇಕಾಗುತ್ತಿತ್ತು. ಅಷ್ಟು ಕೂಗದಿದ್ದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಅವರ ಪ್ರಕಾರ ದೋಷ ಕಿವಿಯದಲ್ಲ. "ಈಗಿನವರ ಬಾಯಲ್ಲಿ ಮಾತು ಅರೆಬೆಂದು ಹೊರಗೆ ಬರುತ್ತೆ," ಎನ್ನುತ್ತಿದ್ದರು. ಹೀಗಾಗಿ ಅವರು ಏನು ಕೇಳಿದರೂ ತಲೆಯಾಡಿಸಿ ಮುಗಿಸುವುದು ಮನೆಯವರಿಗೂ ನೆರೆಯವರಿಗೂ ರೂಢಿಯಾಗಿತ್ತು.

ಹೋದ ವರ್ಷ ಅವರು ಹಂಚಿದ ಅಲಸಂದೆ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ. "ಬೀಜ ಚೆನ್ನಾಗಿತ್ತೇನಪ್ಪ?" ಎಂದು ಕೇಳಿದಾಗ ಎದುರುಮನೆಯ ಬಡಗಿ ತಲೆಯಾಡಿಸಿದ್ದ. ಈ ವರ್ಷ ಕೊಟ್ಟದ್ದನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು, ಹಿತ್ತಲಿಗೆ ಹೋಗಿ ಕೋಳಿಗಳಿಗೆ ಚೆಲ್ಲಿದ್ದ.

ಬೀಜ ಕಟ್ಟಿಡುವ ಮೊದಲು ಮಾವ ಒಂದು ಹಿಡಿ ಕಾಳನ್ನು ಒಣ ಸೋರೆಬುರುಡೆಗೆ ಹಾಕಿ ಕಿವಿಯ ಪಕ್ಕ ಅಲ್ಲಾಡಿಸುತ್ತಿದ್ದರು. ಚೆನ್ನಾಗಿ ಒಣಗಿದ ಕಾಳು ಗಲಗಲ ಎನ್ನುತ್ತದೆ; ಹಸಿ ಉಳಿದದ್ದು ಮಂದವಾಗಿ ದಬದಬ ಎನ್ನುತ್ತದೆ. ನಲವತ್ತು ವರ್ಷ ಆ ಲೆಕ್ಕ ತಪ್ಪಿರಲಿಲ್ಲ. ಕಳೆದ ಕೊಯ್ಲಿನಲ್ಲಿ ಸೊಸೆ ಅವರ ಪಕ್ಕದಲ್ಲೇ ನಿಂತಿದ್ದಳು. ಬುರುಡೆ ದಬದಬ ಎಂದಿತು. ಮಾವ ತೃಪ್ತಿಯಿಂದ "ಆಯ್ತಲ್ವಾ?" ಎಂದರು. ಅವಳೂ ತಲೆಯಾಡಿಸಿದಳು. ಕಾಳು ಮಡಕೆ ಸೇರಿತು, ಮಡಕೆಯ ಬಾಯಿಗೆ ಮಣ್ಣು ಮೆತ್ತಿಯಾಯಿತು.

ಈಗ ಬಿತ್ತನೆಗೆ ಎರಡೇ ದಿನ ಉಳಿದಿತ್ತು. ಅದೇ ಮಡಕೆಯಿಂದ ನೂರು ಕಾಳು ಎಣಿಸಿ ಅವಳು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದಳು. ಐದನೆಯ ದಿನ ಬಿಚ್ಚಿದಾಗ ಮೊಳಕೆ ಒಡೆದದ್ದು ಮೂವತ್ತೊಂದು. ಇದನ್ನೇ ಬಿತ್ತಿದರೆ ಹೊಲದ ಮೂರರಲ್ಲಿ ಎರಡು ಪಾಲು ಬರಿದಾಗಿ ಉಳಿಯುವುದು ಖಂಡಿತ.

"ಸಂತೆಯಿಂದ ಬೇರೆ ಬೀಜ ತಂದು ಮಡಕೆಗೆ ಸುರಿದುಬಿಡೋಣ," ಎಂದ ಗಂಡ. "ಅಪ್ಪನಿಗೆ ಗೊತ್ತಾಗಲ್ಲ."

"ಮುಂದಿನ ವರ್ಷ?"

"ಆಗಲೂ ಸುರಿದರಾಯ್ತು."

"ಹಾಗಾದ್ರೆ ಅವರು ಬುರುಡೆ ಆಡಿಸೋದು ಯಾಕೆ, ತೊಟ್ಟಿಲ ಕೂಸನ್ನ ನಗಿಸೋಕಾ? ನಾನೇ ಹೇಳ್ತೀನಿ."

"ಬೀದೀಲಿ ಕೂಗಿ ಮಾನ ಕಳೀಬೇಡ ಮಾರಾಯ್ತಿ!"

"ಬೀದೀಲಿ ಹೇಳ್ತೀನಿ ಅಂದೆನಾ?"

ಬೆಳಿಗ್ಗೆ ಅವಳು ಗೋಣಿತಾಟನ್ನೂ ಬುರುಡೆಯನ್ನೂ ಹಿಡಿದು ಮಾವನನ್ನು ಹೊಲಕ್ಕೆ ಕರೆದೊಯ್ದಳು. ಉತ್ತ ನೆಲದ ನಟ್ಟನಡುವೆ ನಿಂತು ಸುತ್ತ ನೋಡಿದಳು. ಎರಡು ಕಾಗೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಮಾವಾ, ಬೀಜ ಕೆಟ್ಟಿದೆ!"

ಕಾಗೆಗಳು ಹಾರಿಹೋದವು. ಮಾವ ಕುಕ್ಕರಗಾಲಲ್ಲಿ ಕುಳಿತು ತಾಟನ್ನು ಬಿಡಿಸಿದರು. ಮೊಳೆಯದ ಕಾಳುಗಳನ್ನು ಒಂದೊಂದಾಗಿ ಹಿಚುಕಿ ಮೂಸಿದರು.

"ಬೂಷ್ಟು ಹಿಡಿದಿದೆ," ಎಂದರು. "ಒಣಗಿರಲಿಲ್ಲ. ಆದ್ರೆ ಬುರುಡೆ ಆಡಿಸಿದ್ದೆನಲ್ಲಮ್ಮ?"

ಅವಳು ಒಂದು ಹಿಡಿ ಕಾಳು ಹಾಕಿದ್ದ ಬುರುಡೆಯನ್ನು ಅವರ ಕೈಗಿತ್ತಳು. "ಈಗ ಆಡಿಸಿ ನೋಡಿ. ಕೇಳಿಸ್ತದಾ?" ಎಂದು ಕೂಗಿದಳು.

ಅವರು ಆಡಿಸಿದರು. ಕಿವಿ ಬದಲಾಯಿಸಿ ಮತ್ತೆ ಆಡಿಸಿದರು. ಆಮೇಲೆ ಅದನ್ನು ಮೆಲ್ಲಗೆ ಮಣ್ಣಿನ ಮೇಲಿಟ್ಟರು.

"ಇಲ್ಲ. ಎರಡು ವರ್ಷ ಆಯ್ತು. ಕೈಗೇ ತಿಳಿಯುತ್ತೆ ಅಂದ್ಕೊಂಡಿದ್ದೆ."

"ಅವತ್ತು ದಬದಬ ಅಂದಿತ್ತು, ಮಾವ. ಪಕ್ಕದಲ್ಲೇ ನಿಂತು ತಲೆ ಆಡಿಸಿದೆ. ಅದು ನನ್ನ ತಪ್ಪು!" ಎಂದು ಅಷ್ಟೇ ಜೋರಾಗಿ ಹೇಳಿದಳು.

ಅವರು ತಾಟನ್ನು ಮತ್ತೆ ಮಡಚಿದರು.

"ಇನ್ನು ಯಾರಿಗೆ ಗೊತ್ತು?"

ಯಾರಿಗೂ ಗೊತ್ತಿಲ್ಲ ಎನ್ನಬಹುದಿತ್ತು. ಅವಳು ಅವರ ಎದುರು ಕುಳಿತು, ಮುಖಕ್ಕೆ ಮುಖ ಕೊಟ್ಟು, "ಎಲ್ಲರಿಗೂ!" ಎಂದಳು.

"ಬಡಗಿಗೂ?"

"ಅವನ ಕೋಳಿಗಳಿಗೂ!"

ಮಾವನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು.

ಹಿಂತಿರುಗುವಾಗ ಅವರು ಬೀದಿಯ ನಡುವೆ ನಿಂತು ತಮ್ಮ ಎಂದಿನ ದನಿಯಲ್ಲೇ, ಎಂದರೆ ಊರಿಗೆಲ್ಲ ಕೇಳುವ ದನಿಯಲ್ಲಿ ಹೇಳಿದರು: "ಕೇಳ್ರಪ್ಪಾ, ನಾನು ಕೊಟ್ಟ ಬೀಜ ಸರಿಯಿಲ್ಲ. ಯಾರೂ ಬಿತ್ತಬೇಡಿ!"

"ಅಯ್ಯೋ, ಹೌದಾ ಅಜ್ಜಾ!" ಎಂದು ಬಡಗಿ ಉಳಿ ಹಿಡಿದುಕೊಂಡೇ ಹೊರಗೆ ಬಂದ.

"ಹೌದಪ್ಪಾ. ನಿನ್ನ ಕೋಳಿಗಳಿಗೆ ರುಚಿಸಿತಾ?"

ಬಡಗಿ ರೂಢಿಯಂತೆ ತಲೆಯಾಡಿಸಿಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಆ ವರ್ಷ ಬಿತ್ತನೆಗೆ ಅವನ ಮನೆಯ ಬೀಜವೇ ಬಂತು, ಕೇಳದೆಯೇ.

ಮುಂದಿನ ಕೊಯ್ಲಿನಲ್ಲಿ ಮಾವ ಕಾಳು ತುಂಬಿದ ಬುರುಡೆಯನ್ನು ಸೊಸೆಯ ಕಿವಿಯ ಪಕ್ಕ ಹಿಡಿದು ಆಡಿಸಿದರು.

"ತಲೆ ಆಡಿಸಬೇಡ. ಬಾಯಿಬಿಟ್ಟು ಹೇಳು."

"ಇನ್ನೂ ಎರಡು ಬಿಸಿಲು ಬೇಕು, ಮಾವಾ!"

ಬೀದಿಗೆಲ್ಲ ಕೇಳಿಸಿತು. ಎದುರುಮನೆಯ ಬಡಗಿಯೂ ತಾನು ಕಟ್ಟಿಟ್ಟಿದ್ದ ಮೂಟೆಯನ್ನು ಬಿಚ್ಚಿ, ಕಾಳನ್ನು ಮತ್ತೆ ಅಂಗಳದಲ್ಲಿ ಹರವಿದ.