ಕಂಬದ ಗವಿಯಲ್ಲಿ ಕರಡಿಗೆ

ಸ್ಕಾಟ್ಲೆಂಡಿನ ಆ ಪುಟ್ಟ ದ್ವೀಪದಲ್ಲಿ ಮನುಷ್ಯರ ವಾಸವಿಲ್ಲ. ನರಸಿಂಹರಾಜಪುರದ ಕಾಫಿ ವ್ಯಾಪಾರಿ ವೃಷಭೇಂದ್ರಪ್ಪನವರೂ ಅವರ ಹೆಂಡತಿ ವೀರಬಸಮ್ಮನವರೂ ವರ್ತಕರ ಪ್ರವಾಸ ತಂಡದ ಜೊತೆ ಅಲ್ಲಿಗೆ ಬಂದಿಳಿದಾಗ ದೋಣಿಯವನು ಒಂದು ಬೆರಳೆತ್ತಿ ತೋರಿಸಿದ. ಒಂದೇ ಗಂಟೆ, ಆಮೇಲೆ ಕಡಲು ಏರುತ್ತದೆ.

ವೀರಬಸಮ್ಮ ಬೆಳಗಿನಿಂದ ನೀರು ಮುಟ್ಟಿರಲಿಲ್ಲ. ನಸುಕಿಗೇ ಬಸ್ಸು ಹತ್ತಿಸಿದ್ದರಿಂದ ಲಿಂಗಪೂಜೆ ಆಗಿರಲಿಲ್ಲ. ತಂಡದವರನ್ನು ಬಿಟ್ಟು ಗಂಡನ ಜೊತೆ ಗವಿಯ ಬಾಯಿಗೆ ಬಂದವರು ತಮಗರಿಯದೆ ಕೈಮುಗಿದರು. ಎಂದೋ ಭೂಮಿಯ ಬೆಂಕಿ ಉಕ್ಕಿ ಆರಿ ನಿಂತ ಆರು ಮೂಲೆಯ ಕರಿಕಂಬಗಳು ಒಳಗಿನ ಕತ್ತಲೆಯವರೆಗೂ ಒತ್ತಿಕೊಂಡು ನಿಂತಿದ್ದವು. ತಳದಲ್ಲಿ ಕಡಲು ಉಸಿರೆಳೆದು ಬಿಡುತ್ತಿತ್ತು.

"ಇಲ್ಲೇ ಪೂಜೆ ಮಾಡ್ಕೊತೀನ್ರೀ."

"ಇಲ್ಲೇನಾ? ಜಾರಿದ್ರೆ ನಿನ್ನ ಎತ್ತಕ್ಕೆ ಕ್ರೇನ್ ತರಿಸ್ಬೇಕು ಮಾರಾಯ್ತಿ."

"ನಿಮಗೇನು, ಏರ್‌ಪೋರ್ಟಲ್ಲಿ ಕೇಳ್ತಾರೆ ಅಂತ ಲಿಂಗಾನ ದೇವರ ಮನೇಲೇ ಬಿಟ್ಟು ಬಂದೋರು. ಸುಮ್ನೆ ನಿಂತ್ಕೊಳ್ಳಿ."

ವೀರಬಸಮ್ಮ ಮೊಟಕು ಕಂಬವೊಂದರ ಮೇಲೆ ಕುಳಿತು ಕೊರಳಿನ ಬೆಳ್ಳಿ ಕರಡಿಗೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅದರೊಳಗಿದ್ದ ಇಷ್ಟಲಿಂಗ ದೀಕ್ಷೆಯ ದಿನದಿಂದ ಅವರ ಮೈಬಿಟ್ಟು ಹೋದದ್ದಿಲ್ಲ. ಎಡ ಅಂಗೈಯಲ್ಲಿ ಅದನ್ನು ಕೂರಿಸಿ, ವಿಭೂತಿ ಹಚ್ಚಿ ಕಣ್ಣು ಮುಚ್ಚಿದ್ದಷ್ಟೆ. ಗವಿಯೊಳಗೆ ಗುಡುಗಿದಂತಾಯಿತು. ಅಲೆಯೊಂದು ಎದೆಗೆ ಬಡಿದು ಹಿಂದಕ್ಕೆ ಎಳೆಯಿತು. ಟಣ್ಣೆಂದು ಏನೋ ಕಂಬಗಳ ಸಂದಿಗೆ ಬಿತ್ತು.

ಮಡಿಲು ಬರಿದಾಗಿತ್ತು.

"ಹೋಯ್ತು! ನನ್ನ ಲಿಂಗ ಹೋಯ್ತು!"

ಲಿಂಗ ಕಳೆದುಕೊಂಡ ಮೇಲೆ ಜೀವ ಇಟ್ಟುಕೊಳ್ಳಬಾರದು ಎಂದು ಅವರ ಅಜ್ಜಿ ಹೇಳುತ್ತಿದ್ದರು. ವೀರಬಸಮ್ಮ ಬೋರಲು ಬಿದ್ದು ಬಲಗೈಯನ್ನು ಸಂದಿಗೆ ಇಳಿಸಿ ತಡಕಾಡಿದರು. ಕಲ್ಲೂ ಕಪ್ಪು, ಲಿಂಗವೂ ಕಪ್ಪು. ನೀರು ಮೊಣಕೈ ದಾಟಿ ತೋಳಿಗೆ ಬಂತು. ಆಚೆ ದೋಣಿಯವನು ಸೀಟಿ ಊದಿದ.

"ಏಳೇ, ನೀರು ಏರ್ತಾ ಇದೆ!"

"ನೀವು ಹೋಗಿ. ಅದಿಲ್ದೆ ನಾನು ಬರಲ್ಲ."

"ಹುಚ್ಚು ಮಾತಾಡ್ಬೇಡ."

"ಹೋಗಿ ಅಂದ್ನಲ್ಲ!"

ಆ ದನಿ ಕೇಳಿ ವೃಷಭೇಂದ್ರಪ್ಪನವರಿಗೆ ಅರ್ಥವಾಯಿತು. ಇವಳು ನಿಜವಾಗಿಯೂ ಬರುವವಳಲ್ಲ. ಮಂಡಿಯೂರಿ, ಎಳೆದೊಯ್ಯಲೆಂದು ಹೆಂಡತಿಯ ಎಡಗೈ ಹಿಡಿದರು. ಎದೆಗೆ ಒತ್ತಿಕೊಂಡಿದ್ದ ಆ ಮುಷ್ಟಿ ಚಳಿಗೆ ನೀಲಿಗಟ್ಟಿ ಕೊರಡಾಗಿತ್ತು.

"ಕೈಯಲ್ಲಿ ಏನೇ ಹಿಡ್ಕೊಂಡಿದೀಯ?"

"ಏನೂ ಇಲ್ಲ. ಆ ಕೈ ಇರೋದೇ ಗೊತ್ತಾಗ್ತಿಲ್ಲ ನಂಗೆ."

ಅವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ತೊಯ್ದ ವಿಭೂತಿಯ ನಡುವೆ ಲಿಂಗ ಕೂರಿಸಿದ ಹಾಗೇ ಕೂತಿತ್ತು. ಬಿದ್ದದ್ದು ಖಾಲಿ ಕರಡಿಗೆ.

ಮುಂದಿನ ದೊಡ್ಡ ಅಲೆ ಬರುವಷ್ಟರಲ್ಲಿ ಇಬ್ಬರೂ ತೆವಳಿ, ಜಾರಿ, ದೋಣಿ ಸೇರಿದ್ದರು. ಅಲ್ಲೇ ಒದ್ದೆ ಸೀರೆಯಲ್ಲಿ ಪೂಜೆ ಮುಗಿಸಿ ವೀರಬಸಮ್ಮ ನೀರು ಕುಡಿದರು. ಬಾಟಲಿಯನ್ನು ಗಂಡನ ಕಡೆ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ. ಅವರ ಕೈ ಅಂಗಿಯ ಮೇಲೆ, ಕರಡಿಗೆ ಇರಬೇಕಾದ ಜಾಗವನ್ನು ಸವರುತ್ತಿತ್ತು.

"ಮನೆ ಬೀಗದ ಕೈ ಯಾರ ಹತ್ರ ಇದೆ?"

"ತಂಗಿ ಗಂಗಾಂಬಿಕೆ ಹತ್ರ. ಯಾಕ್ರೀ?"

"ಫೋನ್ ಮಾಡು. ನಂದು ಅಲ್ಲೇ ಇದೆಯಾ ನೋಡು ಅನ್ನು. ಈಗ್ಲೇ."