ಅಂಗೈಗೆ ಕೇಳಿಸಿದ್ದು

ಕಿವಿ ಮಂದವಾಗತೊಡಗಿದ ಮೇಲೆ ಹಿರಿಯ ಮೆಕ್ಯಾನಿಕ್ ಎಂಜಿನ್ನನ್ನು ಅಂಗೈಯಿಂದ ಆಲಿಸುವುದನ್ನು ರೂಢಿಸಿಕೊಂಡಿದ್ದ. ಎಡಗೈಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬಲಗೈಯಿಂದ ಕಾರ್ಬೊರೇಟರಿನ ಪುಟ್ಟ ಹಿತ್ತಾಳೆ ಸ್ಕ್ರೂವನ್ನು ತಿರುಗಿಸುವನು. ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಮುಗ್ಗರಿಸುತ್ತದೆ. ಹೊರಕ್ಕೆ ತಿರುಗಿಸಿದರೆ ಹೆಚ್ಚಾಗಿ ಉಸಿರು ಕಟ್ಟುತ್ತದೆ. ಇವೆರಡರ ನಡುವೆ ನಡುಕವು ಒಂದೇ ಸಮನಾಗುವ ಬಿಂದುವೊಂದಿದೆ. ಅದನ್ನು ಅವನ ಅಂಗೈ ಬಲ್ಲದು. ಈ ಗುಟ್ಟು ಹೆಂಡತಿಯನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಗ್ಯಾರೇಜಿನ ಯಜಮಾನ ಅವನ ತಮ್ಮ. ಆ ವಾರ ಹೊಸ ಗಾಡಿಗಳನ್ನು ಪರೀಕ್ಷಿಸುವ ಕಂಪ್ಯೂಟರ್ ಬಂದಿತ್ತು. ಅಂಥ ಗಾಡಿಗಳಲ್ಲಿ ಕಾರ್ಬೊರೇಟರೇ ಇರುವುದಿಲ್ಲ. ಮುಂಭಾಗದ ಜಾಗ ಕಂಪ್ಯೂಟರಿಗೆ ಹೋಯಿತು. ಅಣ್ಣನ ಹಲಗೆ, ಸ್ಪ್ಯಾನರುಗಳು ಹಿಂದಿನ ಮೂಲೆಗೆ, ಹಿಟ್ಟಿನ ಗಿರಣಿಯ ಗೋಡೆಯ ಪಕ್ಕಕ್ಕೆ ಬಂದವು.

ಹಾಲು ಹಾಕುವವನು ತನ್ನ ಹಳೆಯ ಬೈಕನ್ನು ತಳ್ಳಿಕೊಂಡು ಬಂದು, ಹ್ಯಾಂಡಲ್ ಆ ಗೋಡೆಗೆ ತಾಗುವಂತೆ ನಿಲ್ಲಿಸಿದ.

"ಅಣ್ಣಾ, ಇದೂ ನಮ್ಮ ಮಾವನ ಥರ ಆಗಿದೆ," ಎಂದು ಕೂಗಿದ. "ನಿಂತಲ್ಲೇ ನಿದ್ದೆ ಹೋಗುತ್ತೆ."

"ನಿಮ್ಮ ಮಾವನ್ನ ಎಬ್ಬಿಸೋದು ನನ್ನ ಕೈಲಾಗಲ್ಲಪ್ಪ. ಗಾಡಿ ನೋಡೋಣ."

ತಮ್ಮ ಬಂದು, ತುಟಿ ಕಾಣುವಂತೆ ಅಣ್ಣನ ಎದುರಿಗೆ ನಿಂತು, ದನಿ ಎತ್ತರಿಸಿದ. "ಅಣ್ಣ, ನಿಂಗೆ ಕಿವಿ ಕೇಳಿಸಲ್ಲ ಅಂತ ಗಿರಾಕಿಗಳು ಆಡ್ಕೊಳ್ತಿದ್ದಾರೆ."

"ಎಲುಬಿಲ್ಲದ ನಾಲಿಗೆ. ಆಡ್ಲಿ ಬಿಡು."

"ಹಾಗಾದ್ರೆ ಇದನ್ನ ನನ್ನೆದುರಿಗೇ ಸರಿ ಮಾಡು. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಪಂಕ್ಚರ್ ಹಾಕ್ಕೊಂಡಿರು. ಕಾರ್ಬೊರೇಟರ್ ಮುಟ್ಟಬೇಡ."

"ನೀನು ಅಂಬೆಗಾಲಿಡೋ ಹೊತ್ತಿಗೇ ನಾನು ಕಾರ್ಬೊರೇಟರ್ ಬಿಚ್ತಿದ್ದೆ ಕಣೋ!"

ಗಾಡಿ ಸ್ಟಾರ್ಟಾಯಿತು. ಅಣ್ಣ ಟ್ಯಾಂಕಿನ ಮೇಲೆ ಅಂಗೈ ಊರಿದ. ಕುಂಟುವ, ತಡವರಿಸುವ ನಡುಕ. ಸ್ಕ್ರೂವನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದ. ಮತ್ತಷ್ಟು. ಅಂಗೈಯೊಳಗೆ ಏನೋ ಒಮ್ಮೆ ಎಡವಿತು; ಅನಂತರ ನಡುಕ ಸಮವಾಯಿತು. ಇಷ್ಟು ನಯವಾದ ಓಟವನ್ನು ಆ ಕೈ ಎಂದೂ ಕಂಡಿರಲಿಲ್ಲ.

"ಕೇಳೋ!" ಎಂದ, ಮುಖವರಳಿಸಿ. "ಈಗ ಕೇಳು, ಬೆಣ್ಣೆ ಥರ ಓಡ್ತಿದೆ!"

ಹಾಲಿನವನು ತಮ್ಮನ ಮುಖ ನೋಡಿದ. ತಮಾಷೆಯ ಮನುಷ್ಯನಾದರೂ ಅವನು ನಗಲಿಲ್ಲ.

ತಮ್ಮ ಅಣ್ಣನ ಬಲಗೈ ಹಿಡಿದು, ಸೈಲೆನ್ಸರಿನ ಬಾಯಿಯ ಹಿಂದಕ್ಕೆ ಒಯ್ದ. ಅಲ್ಲಿ ಹೊಗೆಯಿರಲಿಲ್ಲ, ಬಿಸಿ ಗಾಳಿಯ ಬಡಿತವೂ ಇರಲಿಲ್ಲ. ಎಂಜಿನ್ ನಿಂತುಹೋಗಿತ್ತು. ಆದರೆ ಎಡ ಅಂಗೈಯ ಕೆಳಗೆ ಟ್ಯಾಂಕ್ ಇನ್ನೂ ಸಮವಾಗಿ ನಡುಗುತ್ತಲೇ ಇತ್ತು.

ಅಣ್ಣ ಆ ಕೈಯನ್ನು ನಿಧಾನವಾಗಿ ಎತ್ತಿ ಗೋಡೆಯ ಮೇಲಿಟ್ಟ. ಅದೇ ನಡುಕ. ಆಚೆ ಗಿರಣಿ ಹಿಟ್ಟು ಬೀಸುತ್ತಿತ್ತು.

ಕೈ ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಇನ್ನೊಂದ್ಸಲ ನೋಡ್ತೀನಿ," ಎಂದ. "ಮುಂದಕ್ಕೆ ತಗೊಂಡು ಹೋಗಿ ನೋಡ್ತೀನಿ, ಗೋಡೆಯಿಂದ ದೂರ."

ಹಾಲಿನವನು ಆಗಲೇ ಸ್ಟ್ಯಾಂಡ್ ತೆಗೆದಿದ್ದ. "ಇರ್ಲಿ ಅಣ್ಣಾ, ಇನ್ನೊಂದಿನ ಬರ್ತೀನಿ," ಎಂದು ಗಾಡಿಯನ್ನು ತಳ್ಳಿಕೊಂಡು ರಸ್ತೆಗಿಳಿದ.

ಅಣ್ಣ ಎಣ್ಣೆಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಪಂಕ್ಚರ್ ಸಾಮಾನೆಲ್ಲ ಎಲ್ಲಿಟ್ಟಿದೀಯ?" ಎಂದು ಕೇಳಿದ.

ಮುಖ ತಿರುಗಿಸಿಕೊಂಡು ತಮ್ಮ ಏನೋ ಹೇಳಿದ. ತುಟಿಗಳು ಕಾಣಲಿಲ್ಲ. ಕೇಳಿಸಿತೆಂಬಂತೆ ಅಣ್ಣ ತಲೆಯಾಡಿಸಿದ.