ದಿನ್ನಿ ಹೊಲದ ಎರೆಭೂತ

ಪಾಮನಕಲ್ಲೂರಿನ ಯಮನೂರಮ್ಮ ವಳಕಮದಿನ್ನಿಗೆ ಸೊಸೆಯಾಗಿ ಬಂದು ಐದು ತಿಂಗಳಾಗಿತ್ತು. ಅದು ೧೯೬೩ನೆಯ ಇಸವಿ. ಕಾಲುವೆ ನೀರು ಆ ಊರಿಗೆ ಬಂದು ನಾಲ್ಕು ವರ್ಷ ಕಳೆದಿರಲಿಲ್ಲ. ತವರಿನಲ್ಲಿ ಅವಳು ಕಂಡದ್ದು ಜೋಳ, ಸಜ್ಜೆ, ಕುರಿ ಮೇಯುವ ಬಯಲು. ಇಲ್ಲಿ ಎತ್ತ ನೋಡಿದರೂ ನೀರು ನಿಂತ ಭತ್ತದ ಗದ್ದೆ. ಮನೆಯಲ್ಲಿ ಎರಡು ಹೊತ್ತೂ ಅನ್ನ; ರೊಟ್ಟಿ ಹೊಲದ ಬುತ್ತಿಗಷ್ಟೇ. ಅವಳಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಬಸುರಿ ಇರಬೇಕು" ಎಂದು ಅತ್ತೆ ಗ್ಯಾನಮ್ಮ ತಿಂಗಳು ಎಣಿಸಿ ನೋಡಿದಳು. ಅಲ್ಲ ಎಂದು ತಿಳಿದಾಗ, "ಹಂಗಾರ ಸೊಕ್ಕು" ಎಂದುಕೊಂಡಳು.

ಮಾವ ಮುದುಕಪ್ಪ ಏನೂ ಅನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ. ಮಾವನ ಮುಂದೆ ಸೊಸೆ ಬಾಯಿ ತೆರೆಯುವ ಪದ್ಧತಿ ಆ ಮನೆಯಲ್ಲಿಲ್ಲ. ಅವನು ಬಂದರೆ ಅವಳು ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುವಳು. ಅವನು ಕೆಮ್ಮಿ ಒಳಗೆ ಬರುವನು. ಆದರೆ ಅವಳ ತಾಟಿನಲ್ಲಿ ಉಳಿದ ಅನ್ನ ಅವನ ಕಣ್ಣಿಗೆ ಬಿದ್ದಿತ್ತು.

ಉತ್ತರಿ ಮಳೆ ಆದ ಒಂದು ಸಂಜೆ ಅವನು ಕಟ್ಟೆಯ ಮೇಲೆ ಕೂತು ಹೆಂಡತಿಗೆ ಗಟ್ಟಿಯಾಗಿ ಹೇಳಿದ: "ಏ ಇಕಿನ, ದಿನ್ನಿ ಹೊಲದಾಗ ಹಕ್ಕರಕಿ ಭಾಳ ಎದ್ದೈತಿ ನೋಡು. ತಿನ್ನೋರು ಇದ್ರ ನಾಳಿ ಬುತ್ತಿ ತಂದಾಗ ಹರಕೊಳ್ಲಿ."

"ನನಗ ಹಲ್ಲೆಲ್ಲಿ ಅದಾವ?" ಎಂದಳು ಗ್ಯಾನಮ್ಮ.

ಒಲೆಯ ಮುಂದಿದ್ದ ಯಮನೂರಮ್ಮನಿಗೆ ಮಾತು ಯಾರಿಗೆ ಹೇಳಿದ್ದೆಂದು ತಿಳಿಯಿತು.

ದಿನ್ನಿ ಹೊಲವೆಂದರೆ ಅವರ ಮೂರೆಕರೆ ಎತ್ತರದ ಭೂಮಿ. ಕಾಲುವೆ ನೀರು ಅಲ್ಲಿಗೆ ಏರುತ್ತಿರಲಿಲ್ಲ. ಹುಲ್ಲು, ಹಳದಿ ಹೂ ಬಿಟ್ಟ ತಂಗಡಿ ಗಿಡ, ಬಾರಿ ಕಂಟಿ, ಕಾಲಡಿಯಲ್ಲಿ ಬಿಳಿ ತುಂಬೆ. ಮರುದಿನ ಬುತ್ತಿ ಹೊತ್ತು ಅಲ್ಲಿಗೆ ಹೋದ ಯಮನೂರಮ್ಮನಿಗೆ ತವರಿನ ಅಂಗಳಕ್ಕೆ ಕಾಲಿಟ್ಟಂತಾಯಿತು. ಅಲ್ಲಿ ತಿನ್ನುತ್ತಿದ್ದ ಹಕ್ಕರಕಿ ಸೊಪ್ಪನ್ನೇ ಕಿತ್ತು ಸೆರಗಿಗೆ ಒರೆಸಿ, ರೊಟ್ಟಿಯೊಳಗಿಟ್ಟು ಹಸಿಯಾಗಿಯೇ ತಿಂದಳು. ಎರಡು ರೊಟ್ಟಿ ಮುಗಿದವು. ಮುದುಕಪ್ಪ ಬೇರೆ ಕಡೆ ಮುಖ ಮಾಡಿ ಕೂತಿದ್ದ.

ಆಮೇಲೆ ಅವನು ಎದ್ದು ಎತ್ತಿನ ಹಗ್ಗ ಹಿಡಿದುಕೊಂಡ. "ಕರಿಯಾ, ಆ ತಂಗಡಿ ಗಿಡದ ಕಡಿ ಹೋಗಬ್ಯಾಡ. ಅಲ್ಲಿ ಬಾಣಂತಿ ಕುಂತಾಳ" ಎಂದು ಎತ್ತಿಗೆ ಹೇಳಿದ.

ಯಮನೂರಮ್ಮ ಆ ಕಡೆ ನೋಡಿದಳು. ಮೊದಲು ಹುಲ್ಲು ಮಾತ್ರ ಕಂಡಿತು. ಆಮೇಲೆ ಉದ್ದನೆಯ ಬೂದು ಕುತ್ತಿಗೆ, ಕರಿ ಟೊಪ್ಪಿಗೆ ಇಟ್ಟಂಥ ತಲೆ. ಎರೆಭೂತ! ಎರೆ ಹೊಲದಲ್ಲಿ ಮನುಷ್ಯರ ಸೊಂಟದೆತ್ತರ ಎದ್ದು ನಿಲ್ಲುವ ಆ ಹಕ್ಕಿಯನ್ನು ತವರಿನಲ್ಲಿ ಅವಳು ದೂರದಿಂದ ಕಂಡಿದ್ದಳು. ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಹಕ್ಕಿ ಮೇಯಲು ಎದ್ದು ಸರಿದಾಗ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಕಂಡಿತು. ಗೂಡಿಲ್ಲ, ಒಂದು ಕಡ್ಡಿಯೂ ಇಲ್ಲ. ಮಣ್ಣು ಮೆತ್ತಿದ ಕಲ್ಲಿನ ಬಣ್ಣ.

ಅಂದಿನಿಂದ ಬುತ್ತಿ ಹೊರುವ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ. ಮಾವ, ಸೊಸೆ ಜಾಲಿ ಮರದ ಕೆಳಗೆ ದೂರದೂರ ಕೂತು ನೋಡುತ್ತಿದ್ದರು. ಮೇಲೆ ಹದ್ದು ಸುತ್ತಿದರೆ ಹಕ್ಕಿ ಕುತ್ತಿಗೆ ಚಾಚಿ ನೆಲಕ್ಕಂಟಿಬಿಡುವುದು. ಮಧ್ಯಾಹ್ನದ ಉರಿಬಿಸಿಲಿಗೆ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಮೊಟ್ಟೆಗೆ ನೆರಳು ಮಾಡುವುದು. ಮಿಡತೆ ಹಿಡಿಯಲು ಹೋದರೂ ನೆಟ್ಟಗೆ ಮರಳಿ ಬರುತ್ತಿರಲಿಲ್ಲ. ಅಲ್ಲಿ ನಿಂತು, ಇಲ್ಲಿ ನಿಂತು, ಏನೂ ಇಲ್ಲವೆಂಬಂತೆ ಸುತ್ತುಹಾಕಿ ಬಂದು ಕೂರುವುದು.

"ಭಾಳ ಶಾಣ್ಯಾ ಹೆಣಮಗಳು, ಕರಿಯಾ. ನಾಕು ವಾರಕ್ಕ ಮರಿ ತಗೀತಾಳ" ಎಂದು ಮುದುಕಪ್ಪ ಎತ್ತಿಗೆ ಹೇಳುವನು.

ಯಮನೂರಮ್ಮನೂ ಕಲಿತಳು. "ಕರಿಯಾ, ರೊಟ್ಟಿ ಆರಾಕತ್ತಾವು, ಉಣ್ಣಂತ ಹೇಳು" ಎನ್ನುವಳು. ಎತ್ತು ಇಬ್ಬರಿಗೂ ಕಿವಿ ಅಲ್ಲಾಡಿಸುತ್ತಿತ್ತು.

ಆ ವರ್ಷ ಹಸ್ತಿ ಮಳೆ ಕೈಕೊಟ್ಟು ನೆಲ ಬೇಗ ಒಣಗಿತು. ದಿನ್ನಿಯನ್ನು ಸಮ ಮಾಡಿ ಭತ್ತ ಹಚ್ಚಲು ಮುದುಕಪ್ಪನೇ ಬೇಸಿಗೆಯಲ್ಲಿ ಡೋಜರ್‌ಗೆ ಹೆಸರು ಬರೆಸಿದ್ದ. ದೀಪಾವಳಿ ಕಳೆದು ಬರಬೇಕಿದ್ದ ಸರತಿ, ನೆಲ ಒಣಗಿದ್ದರಿಂದ, ಹಕ್ಕಿ ಕಾವು ಕೂತ ಇಪ್ಪತ್ತಮೂರನೆಯ ದಿನಕ್ಕೇ ಬಂತು.

ಬುತ್ತಿ ಹೊತ್ತು ಬರುತ್ತಿದ್ದ ಯಮನೂರಮ್ಮನಿಗೆ ಮೊದಲು ಸದ್ದು ಕೇಳಿಸಿತು. ಮುದುಕಪ್ಪ ಕೆಳಗಿನ ಗದ್ದೆಗೆ ನೀರು ತಿರುವಲು ಹೋಗಿದ್ದ. ಹಳದಿ ಯಂತ್ರ ಬಾರಿ ಕಂಟಿಗಳನ್ನು ಕಿತ್ತು ಹೊರಳಿಸುತ್ತ ಮೇಲೇರುತ್ತಿತ್ತು. ಅವಳು ಬುತ್ತಿ ಕೆಳಗಿಟ್ಟು ಓಡಿದಳು. ಯಂತ್ರದ ಮುಂದೆ ಎರಡೂ ಕೈ ಎತ್ತಿ ನಿಂತಳು.

ಡ್ರೈವರ್ ಬಾಬುಸಾಬ್ ಯಂತ್ರ ನಿಲ್ಲಿಸಿ ಕೂಗಿದ: "ಸರಿಯವ್ವಾ ತಂಗಿ! ಸಂಜಿಕ್ಕ ಇನ್ನೊಂದು ಹೊಲಕ್ಕ ಹೋಗಬೇಕು ನಾ."

"ಇಲ್ಲಿ ಬಾಣಂತಿ ಅದಾಳ, ಯಣ್ಣಾ!"

ಬಾಬುಸಾಬ್ ಗಾಬರಿಯಿಂದ ಇಳಿದು ಬಂದ. ತಂಗಡಿ ಗಿಡದ ಬುಡದಲ್ಲಿ ಹಕ್ಕಿ ನೆಲಕ್ಕಂಟಿ ಕೂತಿತ್ತು. ಅಷ್ಟು ಸದ್ದಿಗೂ ಎದ್ದಿರಲಿಲ್ಲ. ಕಣ್ಣು ಮಾತ್ರ ಅವನ ಮೇಲಿತ್ತು. "ಯಾ ಅಲ್ಲಾ" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಅವಳ ಗಂಡ ಹೊನ್ನೂರಪ್ಪ ಓಡಿಬಂದ. ವಿಷಯ ಕೇಳಿ ಸಿಟ್ಟಾದ. "ಒಂದು ಹಕ್ಕಿ ಸಲುವಾಗಿ ಸರತಿ ಬಿಡ್ತಾರೇನು? ಈಗ ಬಿಟ್ರ ಬ್ಯಾಸಗಿತನ ಡೋಜರ್ ಬರಂಗಿಲ್ಲ. ಒಂದು ಪೀಕು ಹೋಗ್ತೈತಿ, ಹುಚ್ಚಿ!"

ಕೆಸರುಗಾಲಲ್ಲಿ ಮುದುಕಪ್ಪನೂ ಬಂದು ನಿಂತ. ಎಲ್ಲರೂ ಅವನತ್ತ ನೋಡಿದರು. ಅವನು ಮಗನನ್ನು ನೋಡಿದ, ಯಂತ್ರವನ್ನು ನೋಡಿದ.

ಯಮನೂರಮ್ಮ ನೇರವಾಗಿ ಅವನತ್ತ ತಿರುಗಿದಳು. ತಲೆಯ ಮೇಲಿನ ಸೆರಗು ಜಾರಿದ್ದು ಅವಳಿಗೆ ತಿಳಿಯಲೇ ಇಲ್ಲ.

"ಮಾವಾರ, ಇನ್ನ ನಾಕೈದು ದಿನ ಅಷ್ಟರೀ. ಇಷ್ಟು ದಿನ ಕಾದಾಳ. ಡೋಜರ್ ಬಿಡಬ್ಯಾಡ್ರಿ, ಮಾವಾರ."

ಗಾಳಿಗೆ ಹುಲ್ಲು ಅಲುಗುತ್ತಿತ್ತು. ಆರು ತಿಂಗಳಲ್ಲಿ ಎತ್ತಿನ ನೆಪವಿಲ್ಲದೆ ಸೊಸೆ ಅವನಿಗೇ ಆಡಿದ ಮೊದಲ ಮಾತು ಅದು.

"ಆತವ್ವಾ" ಎಂದ ಮುದುಕಪ್ಪ. ಆಮೇಲೆ ಡ್ರೈವರನಿಗೆ, "ಬಾಬುಸಾಬ್, ನಮ್ಮ ಸರತಿ ಬ್ಯಾಡ. ಮುಂದಿನ ಹೊಲಕ್ಕ ಹೋಗ್ರಿ."

"ತಿರುಗಿ ಬರೂದು ನನ್ನ ಕೈಯಾಗಿಲ್ಲ, ನೋಡ್ರಿ."

"ಗೊತ್ತೈತ್ರಿ."

ಹೊನ್ನೂರಪ್ಪ ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ. ಗ್ಯಾನಮ್ಮ ಮಾತ್ರ ಒಲೆಯ ಮುಂದೆ, "ಮಾವನ ಎದುರು ನಿಂತು ಮಾತಾಡಿದ್ಲಂತ" ಎಂದು ಬೇಕಾದಷ್ಟು ಸಲ ಹೇಳಿದಳು.

ಐದನೆಯ ದಿನ ಮುಂಜಾನೆ ಮರಿ ಹೊರಬಿದ್ದಿತ್ತು. ಒದ್ದೆಯಾಗಿ, ಒಣಹುಲ್ಲಿನ ಬಣ್ಣದ ಮೈಮೇಲೆ ಕರಿ ಪಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಣಗಿ, ಎದ್ದು ಬಿದ್ದು, ಮತ್ತೆ ಎದ್ದಿತು. ತಾಯಿ ಒಂದು ಹುಳ ತಂದು ಅದರ ಮುಂದೆ ಹಿಡಿಯಿತು. ಮರಿಗೆ ಬಾಯಿ ತೆರೆಯಲು ಗೊತ್ತಾಗಲಿಲ್ಲ. ತಾಯಿ ಹಿಡಿದೇ ನಿಂತಿತು. ಜಾಲಿ ಮರದ ಕೆಳಗೆ ಗ್ಯಾನಮ್ಮನೂ ಬಂದು ಕೂತಿದ್ದಳು. "ಅಯ್ಯ, ನನ್ನ ಕೂಸೇ" ಎಂದು ಬಾಯಿಗೆ ಸೆರಗು ಹಿಡಿದಳು. ಸ್ವಲ್ಪ ಹೊತ್ತಿಗೆ ಹೊನ್ನೂರಪ್ಪನೂ ಬಂದು ಹೆಂಡತಿಯ ಹಿಂದೆ ಕುಕ್ಕರಗಾಲಲ್ಲಿ ಕೂತ. "ಎಲ್ಲೈತಿ? ತೋರಸು" ಎಂದ. ಅವಳು ಬೆರಳು ಮಾಡಿ ತೋರಿಸಿದಳು.

ಮರುದಿನ ತಾಯಿ ಮರಿಯನ್ನು ಕರೆದುಕೊಂಡು ಹುಲ್ಲಿನೊಳಗೆ ಮಸ್ಕಿಯ ಬೆದ್ದಲು ನೆಲದ ಕಡೆ ನಡೆಯಿತು. ಹತ್ತು ಹೆಜ್ಜೆಗೊಮ್ಮೆ ನಿಂತು ಕಾಯುತ್ತ ಹೋದದ್ದನ್ನು ಕಣ್ಣಿಗೆ ಕಾಣುವವರೆಗೂ ಮಾವ, ಸೊಸೆ ನೋಡಿದರು.

ಬೇಸಿಗೆಯಲ್ಲಿ ಡೋಜರ್ ಬಂತು. ದಿನ್ನಿ ಸಮವಾಯಿತು, ಭತ್ತ ಎದ್ದಿತು. ಆ ಹಕ್ಕಿ ಮತ್ತೆ ಆ ಕಡೆ ಸುಳಿಯಲಿಲ್ಲ. ಯಮನೂರಮ್ಮನಿಗೆ ಅನ್ನವೂ ರೂಢಿಯಾಯಿತು. "ಮಾವ ಸೊಸಿ ಮಾತಿಗಿ ಕುಂತ್ರ ಊಟ ಆರಿ ಹೋಗ್ತೈತಿ" ಎಂದು ಗ್ಯಾನಮ್ಮ ನೆರೆಯವರ ಮುಂದೆ ದೂರುತ್ತಿದ್ದಳು.

ಮರುವರ್ಷ ಶೀಗಿ ಹುಣ್ಣಿಮೆಗೆ ಅವಳನ್ನು ತವರಿಗೆ ಬಿಡಲು ಮುದುಕಪ್ಪನೇ ಬಂಡಿ ಹೂಡಿದ. ಮಸ್ಕಿ ದಾಟಿದ ಮೇಲೆ ಗದ್ದೆ ಮುಗಿದು ಬಯಲು ಬಂತು. ದಾರಿಬದಿಯಲ್ಲಿ ಸಣ್ಣ ನೀಲಿ ಹೂ ಬಿಟ್ಟ ಬಳ್ಳಿಯೊಂದನ್ನು ಕಂಡು ಅವನು ಹಗ್ಗ ಎಳೆದ.

"ಇದಕ್ಕ ನಿಮ್ಮ ಕಡಿ ಏನಂತಾರವ್ವಾ?"

ಅವಳು ಬಂಡಿಯಿಂದ ಇಳಿದು ಹೋಗಿ, ಬಳ್ಳಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಹೆಸರು ಹೇಳಿದಳು.